ಇಪ್ಪತ್ತಮೂರು ದಿನ, ಹನ್ನೊಂದು ನಗರ

ಏಪ್ರಿಲ್ 7, ಸೋಮವಾರ

ಯೋಜನೆ ಇಂದು ಪೂರ್ಣಗೊಂಡಿತು. ಸೆಪ್ಟೆಂಬರ್ ಮೂರರಂದು ಅಡಿಲೇಡಿನಿಂದ ಹೊರಟು, ಇಪ್ಪತ್ತಮೂರು ದಿನಗಳಲ್ಲಿ ಹನ್ನೊಂದು ನಗರಗಳು: ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ವೆನಿಸ್, ಫ್ಲಾರೆನ್ಸ್, ರೋಮ್, ಲಿಸ್ಬನ್. ಪ್ರತಿ ನಗರದಲ್ಲಿ ಮೂರು ದರ್ಶನೀಯ ಸ್ಥಳಗಳು. ಪ್ರತಿ ಸ್ಥಳಕ್ಕೆ ತೊಂಬತ್ತು ನಿಮಿಷ. ಶಾಲೆಯ ವೇಳಾಪಟ್ಟಿಗೆ ಬಳಸುತ್ತಿದ್ದ ಅದೇ ಚೌಕಳಿ ಕಾಗದ, ಅದೇ ಕೆಂಪು ಪೆನ್ಸಿಲು. ಒಂದು ಚೌಕವೂ ಖಾಲಿ ಉಳಿದಿಲ್ಲ.

ಮೂವತ್ತೇಳು ವರ್ಷ ನಮ್ಮ ವಾಲರೂ ಊರಿನ ಮಕ್ಕಳಿಗೆ ಈ ನಗರಗಳ ನದಿ, ಬಂದರು, ಕೈಗಾರಿಕೆಗಳನ್ನು ಬಾಯಿಪಾಠ ಮಾಡಿಸಿದ್ದೇನೆ, ಒಂದನ್ನೂ ಕಂಡಿಲ್ಲ. ಮೊದಲ ಬಾರಿ ಹೊರಟಾಗ ತಾಯಿ ಹಾಸಿಗೆ ಹಿಡಿದರು. ಎರಡನೆಯ ಬಾರಿ ಮುಖ್ಯೋಪಾಧ್ಯಾಯಿನಿಯ ಹುದ್ದೆ ಬಂತು. ಮೂರನೆಯ ಬಾರಿ ಲೋಕಕ್ಕೇ ರೋಗ ಬಂತು. ಈಗ ನನಗೆ ಎಪ್ಪತ್ತನಾಲ್ಕು ತುಂಬಿದೆ, ಬಲಸೊಂಟದ ಕೀಲು ಸವೆದಿದೆ. ನಾಲ್ಕನೆಯ ಕಾರಣಕ್ಕೆ ನಾನು ಜಾಗ ಕೊಡುವುದಿಲ್ಲ.

ಯುರೋಪು ದೊಡ್ಡದೆಂದು ಹೆದರಿಸುವವರಿಗಾಗಿ ತೆಳುಗಾಗದದಲ್ಲಿ ಅದರ ನಕ್ಷೆ ಎಳೆದು, ಅದೇ ಅಳತೆಯ ಆಸ್ಟ್ರೇಲಿಯದ ಮೇಲೆ ಹಾಸಿದ್ದೇನೆ. ಲಿಸ್ಬನ್ನನ್ನು ಪರ್ತಿನ ಮೇಲಿಟ್ಟರೆ ಮಾಸ್ಕೋ ನಗರವು ಬ್ರಿಸ್ಬೇನ್ ದಾಟಿ ಸ್ವಲ್ಪ ಮುಂದೆ ಬೀಳುತ್ತದೆ, ಅಷ್ಟೆ. ಫ್ಲಾರೆನ್ಸಿನಿಂದ ರೋಮಿಗಿರುವಷ್ಟು ದೂರವನ್ನು ನಮ್ಮ ಕಡೆಯವರು ಒಂದು ಮದುವೆಯ ಊಟಕ್ಕೆಂದು ಹೋಗಿ ಸಂಜೆಗೆ ಮರಳುತ್ತಾರೆ.

ತಮ್ಮನ ಮಗಳು ಮೆರಿನ್ ಅಡಿಲೇಡಿನಲ್ಲಿದ್ದಾಳೆ. ಸವೆದ ಕೀಲುಗಳಿಗೆ ವ್ಯಾಯಾಮ ಕಲಿಸುವುದು ಅವಳ ವೃತ್ತಿ. ವೇಳಾಪಟ್ಟಿಯನ್ನು ಕಳಿಸಿದ ಅರ್ಧ ಗಂಟೆಯಲ್ಲಿ ಫೋನು ಬಂತು. “ಅತ್ತೆ, ಇದು ಪ್ರವಾಸ ಅಲ್ಲ, ಓಟದ ಪಂದ್ಯ. ಮೊದ್ಲು ಸೊಂಟದ ಆಪರೇಷನ್ ಮುಗೀಲಿ, ಆಮೇಲೆ ನೋಡೋಣ.”

‘ಆಮೇಲೆ ನೋಡೋಣ’ ಎಂಬುದನ್ನು ನಾನು ಗೋರಿಕಲ್ಲಿನ ಮೇಲೆ ಕೆತ್ತಬೇಕಾದ ವಾಕ್ಯವೆಂದು ಪರಿಗಣಿಸುತ್ತೇನೆ. ಹಾಗೆಂದೇ ಅವಳಿಗೆ ತಿಳಿಸಿದೆ.

ಏಪ್ರಿಲ್ 13, ಭಾನುವಾರ

ಒಂದು ರಿಯಾಯಿತಿ ಕೊಟ್ಟಿದ್ದೇನೆ. ಇದನ್ನು ಸೋಲೆಂದು ಯಾರೂ ಓದಬಾರದು. ಒಬ್ಬಳೇ ಹೋಗಕೂಡದೆಂದು ಮೆರಿನ್ ಹಟ ಹಿಡಿದುದರಿಂದ ಎದುರುಮನೆಯ ಶ್ರೀಮತಿ ಶಿರ್ಮರ್ ಅವರನ್ನು ಆಹ್ವಾನಿಸಿದೆ. ಆಕೆ ನಮ್ಮ ಶಾಲೆಯ ತಿಂಡಿ ಅಂಗಡಿಯನ್ನು ಇಪ್ಪತ್ತೆರಡು ವರ್ಷ ನಡೆಸಿದವರು, ವಿಧವೆ, ವಯಸ್ಸು ಅರವತ್ತೊಂಬತ್ತು. ಆಯ್ಕೆಗೆ ಕಾರಣ ಒಂದೇ: ನಮ್ಮ ಬೀದಿಯಲ್ಲಿ ಅವಧಿ ಮುಗಿಯದ ಪಾಸ್‌ಪೋರ್ಟ್ ಇರುವುದು ಆಕೆಯೊಬ್ಬರ ಬಳಿ.

ಊರೆಲ್ಲ ಆಕೆಯನ್ನು ‘ಡಾಟ್’ ಎನ್ನುತ್ತದೆ. ಡೊರೊತಿ ಎಂಬ ಸಂಪೂರ್ಣ ಹೆಸರಿರುವಾಗ ಅದನ್ನು ಚುಕ್ಕೆಯಷ್ಟಕ್ಕೆ ಕತ್ತರಿಸುವ ಅಗತ್ಯ ನನಗೆ ತಿಳಿಯದು. ಕತ್ತರಿಸುವ ಚಟ ಆಕೆಗೂ ಇದೆ. ಆಮ್‌ಸ್ಟರ್‌ಡ್ಯಾಮನ್ನು ‘ಆಮ್ಸಿ’ ಎಂದರು, ಫ್ಲಾರೆನ್ಸನ್ನು ‘ಫ್ಲೋ’ ಎಂದರು. ಎರಡನ್ನೂ ತಿದ್ದಿದೆ. ವೇಳಾಪಟ್ಟಿಯನ್ನು ಕನ್ನಡಕ ಏರಿಸಿ ಇಳಿಸಿ ಬಹಳ ಹೊತ್ತು ನೋಡಿ ಆಕೆ ಕೇಳಿದ್ದು ಒಂದೇ ಪ್ರಶ್ನೆ:

“ಎಲ್ಲಾ ಸರಿ ಮಿಸ್. ಚಡ್ಡಿ ಒಗ್ಯೋದ್ ಯಾವಾಗ?”

ಇದಕ್ಕೆ ಚೌಕ ಬಿಟ್ಟಿಲ್ಲವೆಂಬುದು ನಿಜ. ಬರ್ಲಿನ್ನಿನ ಮೂರನೆಯ ಸ್ಥಳದಿಂದ ಇಪ್ಪತ್ತು ನಿಮಿಷ ಕಡಿತಗೊಳಿಸಿದೆ.

ಏಪ್ರಿಲ್ 25, ಶುಕ್ರವಾರ

ಯೋಧರ ದಿನ. ಬೆಳಕು ಹರಿಯುವ ಮುಂಚೆ ಎಂದಿನಂತೆ ಸ್ಮಾರಕದ ಬಳಿ ಊರು ಸೇರಿತು. ಶ್ರೀಮತಿ ಶಿರ್ಮರ್ ಸತ್ತವರ ನೆನಪಿಗೆಂದು ಕೋಟಿಗೆ ರೋಸ್‌ಮರಿ ಎಲೆಯ ಕಡ್ಡಿ ಚುಚ್ಚಿಕೊಂಡು ಬಂದಿದ್ದರು. ಕಲ್ಲಿನ ಮೇಲಿನ ಹೆಸರುಗಳಲ್ಲಿ ಒಂದು ಕ್ಲೆಮ್ ಹೋಲ್ಮನ್, ಆಕೆಯ ಅಜ್ಜಿಯ ತಮ್ಮ. ಮೊದಲ ಮಹಾಯುದ್ಧದಲ್ಲಿ, ಹತ್ತೊಂಬತ್ತು ವರ್ಷಕ್ಕೆ ಫ್ರಾನ್ಸಿನಲ್ಲಿ ಸತ್ತವನು. ಗೋರಿ ಆಮಿಯೆನ್ಸ್ ಪಟ್ಟಣದ ಸಮೀಪದ ಯಾವುದೋ ಹಳ್ಳಿಯಲ್ಲಿದೆ. ಮನೆತನದವರು ಒಬ್ಬರೂ ಇದುವರೆಗೆ ಹೋಗಿಲ್ಲವಂತೆ.

ಮರಳುವಾಗ ಆಕೆ ಒಂದು ದಿನ ಕೇಳಿದರು, ಒಂದೇ ದಿನ. ನಾನು ವೇಳಾಪಟ್ಟಿಯನ್ನು ವಿವರಿಸಿದೆ. ಒಂದು ದಿನ ತೆಗೆದರೆ ಬ್ರಸೆಲ್ಸ್ ಹೋಗುತ್ತದೆ. ಬ್ರಸೆಲ್ಸ್ ಹೋದರೆ ಆಮ್‌ಸ್ಟರ್‌ಡ್ಯಾಮಿನ ರೈಲು ತಪ್ಪುತ್ತದೆ. ಆಕೆ “ಆಯ್ತು ಬಿಡಿ ಮಿಸ್, ನೂರು ವರ್ಷ ಕಾದಿದಾನೆ, ಅವನಿಗೇನು ಬೇಜಾರಿಲ್ಲ” ಎಂದು ತಮ್ಮ ಗೇಟು ತೆರೆದು ಒಳಗೆ ಹೋದರು.

ವೇಳಾಪಟ್ಟಿಯೆಂದರೆ ವೇಳಾಪಟ್ಟಿ. ಒಬ್ಬರಿಗಾಗಿ ಗಂಟೆ ಬದಲಿಸಿದರೆ ಶಾಲೆ ನಡೆಯುವುದಿಲ್ಲ.

ಮೇ 4, ಭಾನುವಾರ

ಹನ್ನೊಂದು ವಸತಿಗೃಹಗಳಿಗೂ ಪತ್ರ ಬರೆದೆ. ಕಂಪ್ಯೂಟರಿನಲ್ಲಿ ಕಳಿಸಿದರೂ ಪತ್ರ ಪತ್ರವೇ. ಸಂಬೋಧನೆ, ವಿಷಯ, ವಂದನೆ ಎಲ್ಲವೂ ಕ್ರಮವಾಗಿ ಇರಬೇಕು. ಕೋಣೆಯ ಕಿಟಕಿ ಕಡ್ಡಾಯವಾಗಿ ಉತ್ತರ ದಿಕ್ಕಿಗಿರಬೇಕೆಂದು ಎಲ್ಲರಿಗೂ ಸ್ಪಷ್ಟಪಡಿಸಿದೆ. ನನ್ನ ಸೊಂಟಕ್ಕೆ ಬೆಳಗಿನ ಬಿಸಿಲು ಒಂದು ಗಂಟೆಯಾದರೂ ಬೇಕು. ಕಾರಣ ಬರೆಯಲಿಲ್ಲ. ಉತ್ತರದ ಕಿಟಕಿಯನ್ನು ಜನ ಏಕೆ ಬಯಸುತ್ತಾರೆಂಬುದು ಯಾರಿಗೆ ಗೊತ್ತಿಲ್ಲ? ನಮ್ಮಲ್ಲಿ ಮನೆ ಮಾರುವವರು ಅಡುಗೆಮನೆಗಿಂತ ಮೊದಲು ಅದನ್ನೇ ಹೇಳುತ್ತಾರೆ.

ಮೇ 20, ಮಂಗಳವಾರ

ಹತ್ತು ಕಡೆಯಿಂದ ಒಪ್ಪಿಗೆ ಬಂದಿತ್ತು. ಎಲ್ಲರೂ ಅತ್ಯಂತ ಸಂತೋಷದಿಂದ, ಮರುದಿನವೇ. ಎಷ್ಟು ಸೌಜನ್ಯವಂತರೆಂದು ಮೆಚ್ಚಿಕೊಂಡಿದ್ದೆ.

ಇಂದು ಫ್ಲಾರೆನ್ಸಿನಿಂದ ಹನ್ನೊಂದನೆಯ ಉತ್ತರ. ಬರೆದವರು ಒರ್ನೆಲ್ಲಾ ಬ್ರುಸ್ಕಿ ಎಂಬ ಒಡತಿ. ಹೀಗಿದೆ: ‘ಮಾನ್ಯರೇ, ಉತ್ತರಕ್ಕೆ ಮುಖ ಮಾಡಿದ ಕೋಣೆ ನಮ್ಮಲ್ಲಿ ಎರಡಿವೆ. ಅಲ್ಲಿಗೆ ಬಿಸಿಲು ಬರುವುದಿಲ್ಲ, ಗೋಡೆ ತಣ್ಣಗಿರುತ್ತದೆ. ನಾವು ಅಲ್ಲಿ ಎಣ್ಣೆ, ಈರುಳ್ಳಿ ಇಡುತ್ತೇವೆ. ನಿಮಗೆ ಬಿಸಿಲು ತಾಳದ ಕಾಯಿಲೆಯೇನಾದರೂ ಇದೆಯೇ? ಇಲ್ಲವಾದರೆ ದಕ್ಷಿಣದ ಕೋಣೆ ಕೊಡುತ್ತೇನೆ.’

ಮೂರು ಬಾರಿ ಓದಿದೆ.

ಮೂವತ್ತೇಳು ವರ್ಷ ಕಿತ್ತಳೆ ಹಣ್ಣಿಗೆ ಹೆಣಿಗೆಯ ಕಡ್ಡಿ ಚುಚ್ಚಿ, ಓರೆಯಾಗಿ ಹಿಡಿದು, ಬುಡ್ಡಿ ದೀಪದ ಸುತ್ತ ತಿರುಗಿಸಿ, ಸೂರ್ಯ ನಮಗೆ ಉತ್ತರದಲ್ಲಿ, ಅವರಿಗೆ ದಕ್ಷಿಣದಲ್ಲಿ ಎಂದು ಕಲಿಸಿದವಳು ನಾನು. ಇದನ್ನು ತಪ್ಪು ಬರೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ಆ ಹತ್ತು ಮಂದಿ ತಮ್ಮ ಈರುಳ್ಳಿ ಕೋಣೆಗಳನ್ನು ನನ್ನ ತಲೆಗೆ ಕಟ್ಟಿ ನೆಮ್ಮದಿಯಾಗಿ ಕುಳಿತಿದ್ದಾರೆ.

ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇಲ್ಲ.

ಜೂನ್ 1, ಭಾನುವಾರ

ಮೆರಿನ್ ಬಂದಿದ್ದಳು. ನನ್ನ ನಡಿಗೆಯನ್ನು ಅಡುಗೆಮನೆಯಿಂದ ಹಜಾರದವರೆಗೆ ಕಣ್ಣಲ್ಲೇ ಅಳೆದಳು. ನಾನು ಅದಕ್ಕಾಗಿಯೇ ವೇಗವಾಗಿ ನಡೆದೆ. ಊಟವಾದ ಮೇಲೆ ವಾದ. ಕೊನೆಗೆ ನಾನೇ ಸವಾಲೆಸೆದೆ. ವೇಳಾಪಟ್ಟಿಯ ಒಂದು ತುಂಡನ್ನು ಇಲ್ಲಿಯೇ ನಡೆದು ತೋರಿಸುತ್ತೇನೆ: ಮೂರು ದಿನ, ಮೂರು ಊರು, ಸ್ವಂತ ಪೆಟ್ಟಿಗೆ, ಟ್ಯಾಕ್ಸಿ ಇಲ್ಲ, ಪ್ರತಿ ಊರಿನಲ್ಲಿ ಮೂರು ಸ್ಥಳ. ಅಡಿಲೇಡ್ ರೋಮ್ ಆಗುತ್ತದೆ, ವಿಕ್ಟರ್ ಹಾರ್ಬರ್ ಫ್ಲಾರೆನ್ಸ್ ಆಗುತ್ತದೆ, ಪೋರ್ಟ್ ಪಿರಿ ವೆನಿಸ್ ಆಗುತ್ತದೆ.

ಪೋರ್ಟ್ ಪಿರಿಯ ಸೀಸ ಕರಗಿಸುವ ಚಿಮಣಿಯನ್ನು ನೆನೆದು, ಊಟಕ್ಕೆ ಬಂದಿದ್ದ ಶ್ರೀಮತಿ ಶಿರ್ಮರ್ ಕೆಮ್ಮುವಷ್ಟು ನಕ್ಕರು. “ಅಲ್ಲಿ ದೋಣಿ ಹಾಡು ಯಾರ್ ಹೇಳ್ತಾರೆ ಮಿಸ್, ಲಾರಿ ಡ್ರೈವರಾ?”

ಗೆದ್ದರೆ ಮೆರಿನ್ ಬಾಯಿ ಮುಚ್ಚಬೇಕು. ಸೋತರೆ ಶಸ್ತ್ರಚಿಕಿತ್ಸೆ ಆಗುವವರೆಗೆ ನಾನು ಊರು ಬಿಡಕೂಡದು. ಕೈ ಕುಲುಕಿದೆವು.

ಜೂನ್ 17, ಮಂಗಳವಾರ. ಅಡಿಲೇಡ್ (ರೋಮ್)

ಬೆಳಗಿನ ಬಸ್ಸು ಸರಿಯಾದ ಸಮಯಕ್ಕೆ ಬಂತು. ಚಿತ್ರಶಾಲೆ: ಎಂಬತ್ತೆಂಟು ನಿಮಿಷ. ಸಸ್ಯೋದ್ಯಾನ: ತೊಂಬತ್ತು. ದೊಡ್ಡ ಇಗರ್ಜಿ: ಅರವತ್ತೊಂದು, ಬಾಗಿಲು ಮುಚ್ಚಿದ್ದರಿಂದ. ಮೂರಕ್ಕೆ ಮೂರೂ ಸಾಧಿತ. ಡೊರೊತಿ ಉದ್ಯಾನದಲ್ಲಿ ನೈದಿಲೆಯ ಕೊಳದ ಮುಂದೆ ಕೂರಲು ಬಯಸಿದರು, ಅದಕ್ಕೆ ಚೌಕವಿರಲಿಲ್ಲ. ಸೊಂಟ ಸ್ವಲ್ಪ ಮಾತಾಡುತ್ತಿದೆ.

ಜೂನ್ 18, ಬುಧವಾರ. ವಿಕ್ಟರ್ ಹಾರ್ಬರ್ (ಫ್ಲಾರೆನ್ಸ್)

ಬಸ್ಸು. ಪೆಟ್ಟಿಗೆ. ಮೆಟ್ಟಿಲು ಹದಿನಾರು. ಮೂರು ಸ್ಥಳಗಳೂ ಆದವು. ಮಾತ್ರೆ ಎರಡು.

ಜೂನ್ 19, ಗುರುವಾರ. ಪೋರ್ಟ್ ಪಿರಿ (ವೆನಿಸ್)

ನಡೆದುದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಬೆಳಿಗ್ಗೆ ವಿಕ್ಟರ್ ಹಾರ್ಬರಿನಲ್ಲಿ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ದಡದ ಮೇಲೆ ಜನ ಗುಂಪುಗೂಡಿದ್ದರು. ತಿಮಿಂಗಿಲ ಬಂದಿತ್ತಂತೆ. “ಮಿಸ್, ಎರಡು ನಿಮಿಷ” ಎಂದರು ಡೊರೊತಿ. ಪಟ್ಟಿಯಲ್ಲಿಲ್ಲವೆಂದು ಹೇಳಿ ನಾನು ಮುಂದೆ ನಡೆದೆ, ತಿರುಗಿ ನೋಡಲಿಲ್ಲ. ಬಸ್ಸು ಸಿಕ್ಕಿತು. ಆಕೆ ಕೊನೆಯ ಕ್ಷಣಕ್ಕೆ ಓಡಿಬಂದು ಹತ್ತಿದರು, ಮುಖವೆಲ್ಲ ಕೆಂಪು.

ಅಡಿಲೇಡಿನಲ್ಲಿ ಬಸ್ಸು ಬದಲಿಸಿ ಪೋರ್ಟ್ ಪಿರಿಯಲ್ಲಿ ಇಳಿದಾಗ ಮೂರೂಕಾಲು. ವಸ್ತುಸಂಗ್ರಹಾಲಯ ನಾಲ್ಕಕ್ಕೆ ಮುಚ್ಚುತ್ತದೆ. ಪೆಟ್ಟಿಗೆ ಎಳೆದುಕೊಂಡು ಎರಡು ಬೀದಿ ದಾಟುವಷ್ಟರಲ್ಲಿ ಬಲಗಾಲು ನಿಂತುಬಿಟ್ಟಿತು. ನೋವೆಂದು ಬರೆದರೆ ನಿಖರವಾಗದು, ಕಾಲು ನನ್ನದಲ್ಲದಂತಾಯಿತು. ಬೇಕರಿಯೊಂದರ ಮುಂದೆ ಪೆಟ್ಟಿಗೆಯ ಮೇಲೆಯೇ ಕುಳಿತೆ. ನನ್ನ ಆಯುಷ್ಯದಲ್ಲಿ ಬೀದಿಯಲ್ಲಿ ಹಾಗೆ ಕುಳಿತವಳಲ್ಲ.

ಡೊರೊತಿ ಟ್ಯಾಕ್ಸಿ ಎನ್ನಲಿಲ್ಲ. ತಮ್ಮ ಪೆಟ್ಟಿಗೆಯನ್ನು ನನ್ನದರ ಪಕ್ಕಕ್ಕೆ ತಂದು ಅದರ ಮೇಲೆ ಕುಳಿತರು. ಬೇಕರಿಯಿಂದ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಎರಡು ಬಿಸಿ ಪೇಸ್ಟಿ ತಂದರು. ಸಂಗ್ರಹಾಲಯದ ಬಾಗಿಲು ಮುಚ್ಚುವ ಹೊತ್ತಿಗೆ ನಾವು ಕಾಗದದ ಚೀಲದಿಂದ ತಿನ್ನುತ್ತಿದ್ದೆವು.

ಮೂರು ದಿನಗಳಲ್ಲಿ ನೋಡಿದ್ದು ಏನೇನೆಂದು ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ಚಿತ್ರಶಾಲೆಯ ಒಂದು ಚಿತ್ರವೂ ನೆನಪಿಗೆ ಬರಲಿಲ್ಲ. ಎಂಬತ್ತೆಂಟು ನಿಮಿಷವೆಂಬುದು ನೆನಪಿತ್ತು. ಆಗ, ಏಕೆಂದು ತಿಳಿಯದು, ತಿಮಿಂಗಿಲ ಹೇಗಿತ್ತೆಂದು ಕೇಳಿದೆ.

“ಮರಿ ಇತ್ತು ಮಿಸ್. ಅಮ್ಮ ಸುಮ್ನೆ ತೇಲ್ತಾ ಇತ್ತು, ಆ ಮರಿ ಅದರ ಬೆನ್ನ ಮೇಲೆ ಹತ್ತೋದು, ಜಾರೋದು, ಹತ್ತೋದು, ಜಾರೋದು. ಅಮ್ಮಂಗೆ ಎಲ್ಲಿಗೂ ಹೋಗ್ಬೇಕು ಅಂತ ಇರ್ಲಿಲ್ಲ ನೋಡಿ.”

ನಾನು ಉತ್ತರದ ಕಿಟಕಿಯ ವಿಷಯ ಹೇಳಿದೆ. ಹನ್ನೊಂದು ಪತ್ರ, ಹತ್ತು ಒಪ್ಪಿಗೆ, ಈರುಳ್ಳಿ ಎಲ್ಲವನ್ನೂ. ನಗುತ್ತಾರೆಂದು ಕಾದೆ. ಆಕೆ ಪೇಸ್ಟಿ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದರು.

“ನಾನಾಗಿದ್ರೆ ಹೋಗಿ ಇಳ್ಕೊಂಡು, ಇಲ್ಲಿ ಸೂರ್ಯನೇ ಕೆಟ್ಟುಹೋಗಿದಾನೆ ಅಂತ ಜಗಳ ಆಡ್ತಿದ್ದೆ.”

ಬೀದಿಯಲ್ಲಿ ನಾವಿಬ್ಬರೂ ಅಷ್ಟು ಜೋರಾಗಿ ನಕ್ಕದ್ದನ್ನು ಇಲ್ಲಿ ಬರೆಯಬೇಕೋ ಬೇಡವೋ ತಿಳಿಯದು. ಬರೆದಾಗಿದೆ.

ವಸತಿಗೃಹದವರೆಗೆ ಆಕೆಯ ತೋಳು ಹಿಡಿದು ಬಂದೆ. ದಾರಿಯಲ್ಲಿ ಸಿಕ್ಕ ಬೆಂಚುಗಳಲ್ಲೆಲ್ಲ ಕುಳಿತೆವು. ಸಂಜೆಯ ಬಿಸಿಲಿನಲ್ಲಿ ಆ ಚಿಮಣಿ ಬೂದುಬಣ್ಣದಿಂದ ನಸುಗೆಂಪಿಗೆ, ನಸುಗೆಂಪಿನಿಂದ ನೇರಳೆಗೆ ತಿರುಗುವುದನ್ನು ನೋಡಿದೆ. ಕೊಕ್ಕರೆಯೊಂದು ಬಹಳ ಹೊತ್ತು ಒಂದೇ ಕಾಲಿನ ಮೇಲೆ ನಿಂತಿತ್ತು. ಅದಕ್ಕೂ ಇನ್ನೊಂದು ಕಾಲು ಕೆಲಸ ಮಾಡದೇನೋ ಎಂದಳು ಡಾಟ್.

ಜೂನ್ 22, ಭಾನುವಾರ

ಮೆರಿನ್‌ಗೆ ನಾನೇ ಫೋನು ಮಾಡಿದೆ. ಸೋತೆನೆಂದು ಮೊದಲ ವಾಕ್ಯದಲ್ಲಿಯೇ ಹೇಳಿದೆ. ಮೂರನೆಯ ಊರಿನಲ್ಲಿ ಮೂರಕ್ಕೆ ಸೊನ್ನೆ. ನಕಲು ಹೊಡೆದವರನ್ನು ಜೀವನವಿಡೀ ಹಿಡಿದವಳು ನನ್ನ ಅಂಕವನ್ನು ನಾನೇ ತಿದ್ದಲಾರೆ.

ಅವಳು ಗೆದ್ದವಳಂತೆ ಮಾತಾಡಲಿಲ್ಲ. ಅದು ನನಗೆ ಇನ್ನಷ್ಟು ಕಷ್ಟವಾಯಿತು. ಶಸ್ತ್ರಚಿಕಿತ್ಸೆಯ ಸರದಿ ಮುಂದಿನ ವರ್ಷದೊಳಗೆ ಬರಬಹುದು, ಚೇತರಿಕೆಗೆ ಆರು ತಿಂಗಳು, ಆಮೇಲೆ ಎಂದು ಶುರುಮಾಡಿದಳು.

ಎಪ್ಪತ್ತಾರನೆಯ ವಯಸ್ಸಿನ ‘ಆಮೇಲೆ’ ನನಗೆ ಬೇಡವೆಂದೆ. ಇಡೀ ತರಗತಿ ನಪಾಸಾದರೆ ಮೊದಲು ಪ್ರಶ್ನೆಪತ್ರಿಕೆಯನ್ನು ನೋಡಬೇಕು. ಈ ಪ್ರಶ್ನೆಪತ್ರಿಕೆಯನ್ನು ತೆಗೆದವಳು ನಾನೇ, ಅದು ಕೆಟ್ಟ ಪತ್ರಿಕೆ. ನಮ್ಮ ಶಾಲೆಯಲ್ಲಿ ಯಾವ ವಿದ್ಯಾರ್ಥಿಗೂ ಮರುಪರೀಕ್ಷೆಯನ್ನು ನಿರಾಕರಿಸಿಲ್ಲ, ನನಗೂ ನಿರಾಕರಿಸುವಂತಿಲ್ಲ.

ಕೊನೆಗೆ ಮೆರಿನ್ ಒಪ್ಪಿದಳು. “ಒಂದೇ ಸಲ ಅತ್ತೆ. ಬರೆದಿಡಿ, ಬಂದು ನೋಡ್ತೀನಿ. ನಪಾಸಾದ್ರೆ ನಪಾಸೇ.”

ಜೂನ್ 24, ಮಂಗಳವಾರ

ಲಂಡನ್ ಹೋಯಿತು. ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ಲಿಸ್ಬನ್ ಹೋದವು. ವೆನಿಸ್ಸನ್ನು ಅಳಿಸಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು, ಆದರೆ ಅಲ್ಲಿ ಸೇತುವೆಗಳಿಗೆಲ್ಲ ಮೆಟ್ಟಿಲು.

ನಮ್ಮ ತಪ್ಪು ದೂರದಲ್ಲಿರಲಿಲ್ಲ. ದೂರಕ್ಕೆ ನಾವು ಹೆದರುವುದಿಲ್ಲ, ಅದೇ ತಪ್ಪು. ಮನೆ ಬಾಗಿಲಲ್ಲಿ ಕಾರು ಹತ್ತಿ ಇನ್ನೊಂದು ಮನೆ ಬಾಗಿಲಲ್ಲಿ ಇಳಿದು ರೂಢಿಯಾದವರು ದಾರಿಯನ್ನಷ್ಟೇ ಅಳೆಯುತ್ತೇವೆ, ಹೊರಡುವುದನ್ನೂ ತಲುಪುವುದನ್ನೂ ಅಳೆಯುವುದಿಲ್ಲ. ಪೆಟ್ಟಿಗೆ ಕಟ್ಟುವುದು, ಮೆಟ್ಟಿಲು ಇಳಿಯುವುದು, ಹೊಸ ಬೀದಿಯಲ್ಲಿ ಬಾಗಿಲು ಹುಡುಕುವುದು. ಒಂದು ಊರು ಬದಲಿಸಿದರೆ ಒಂದು ದಿನ ಸತ್ತಿತೆಂದೇ ಲೆಕ್ಕ. ನನ್ನ ಹಳೆಯ ಪಟ್ಟಿಯ ಇಪ್ಪತ್ತಮೂರು ದಿನಗಳಲ್ಲಿ ಹನ್ನೊಂದು ದಿನ ಹುಟ್ಟುವ ಮೊದಲೇ ಸತ್ತಿದ್ದವು.

ಹೊಸ ಪಟ್ಟಿ: ಪ್ಯಾರಿಸ್ ಆರು ದಿನ, ಮೊದಲೆರಡು ದಿನ ಏನೂ ಇಲ್ಲ. ಆಮಿಯೆನ್ಸ್ ಮೂರು ದಿನ. ಫ್ಲಾರೆನ್ಸ್ ಎಂಟು. ರೋಮ್ ಐದು. ದಿನಕ್ಕೆ ಒಂದು ಸ್ಥಳ, ಮಳೆ ಬಂದರೆ ಅದೂ ಇಲ್ಲ.

ಪಟ್ಟಿ ಕೊಟ್ಟಾಗ ಡಾಟ್ ಎರಡನೆಯ ಸಾಲಿಗೆ ಬಂದು ನಿಂತಳು. “ಮೂರು ದಿನ?” ಎಂದಳು. ಗೋರಿ ಹುಡುಕಲು ಒಂದು, ಅಲ್ಲಿ ಇರಲು ಒಂದು, ಮಳೆಗಾಗಿ ಒಂದು ಎಂದು ವಿವರಿಸಿದೆ. ಕನ್ನಡಕ ಒರೆಸಲು ಆಕೆ ಬಳಸಿದ್ದು ನನ್ನ ಮೇಜುಬಟ್ಟೆಯನ್ನು. ಅದು ಹೇಗೂ ಒಗೆಯಬೇಕಾದದ್ದೇ.

ಹತ್ತು ಈರುಳ್ಳಿ ಕೋಣೆಗಳನ್ನು ರದ್ದುಪಡಿಸಿ ಪತ್ರ ಬರೆದೆ. ಶ್ರೀಮತಿ ಬ್ರುಸ್ಕಿಯವರಿಗೆ ಬರೆದ ಪತ್ರದಲ್ಲಿ ನನಗೆ ಯಾವ ಕಾಯಿಲೆಯೂ ಇಲ್ಲವೆಂದೂ, ದಕ್ಷಿಣ ಗೋಳಾರ್ಧದವಳೆಂದೂ ತಿಳಿಸಿದೆ. ರಾತ್ರಿಯೇ ಮಾರುತ್ತರ ಬಂತು: ನೆಲಮಹಡಿಯ ದಕ್ಷಿಣದ ಕೋಣೆ ಕಾದಿರಿಸಿದ್ದಾರೆ. ನನ್ನ ಪತ್ರವನ್ನು ಇಡೀ ಬೀದಿಗೆ ಓದಿ ಹೇಳಿದರಂತೆ.

ಜುಲೈ 6, ಭಾನುವಾರ

ಪರೀಕ್ಷಕಿ ಹನ್ನೊಂದು ಗಂಟೆಗೆ ಬಂದಳು. ನನ್ನ ಕೆಂಪು ಪೆನ್ಸಿಲನ್ನೇ ಕೈಗೆ ಕೊಟ್ಟೆ. ಒಂದೊಂದು ಸಾಲನ್ನೂ ಓದಿದಳು. ಮೆಟ್ಟಿಲೆಷ್ಟು, ನಿಲ್ದಾಣದಿಂದ ಎಷ್ಟು ಹೆಜ್ಜೆ, ಪೆಟ್ಟಿಗೆ ಯಾರು ಎತ್ತುತ್ತಾರೆ, ಕೂರಲು ಎಲ್ಲಿ ಜಾಗ. ಎಲ್ಲಕ್ಕೂ ಉತ್ತರ ಬರೆದಿಟ್ಟಿದ್ದೆ. ರೋಮಿನ ಮೂರನೆಯ ದಿನದ ಪಕ್ಕದಲ್ಲಿ ಗೆರೆ ಎಳೆದಳು: ನಾನು ಯಾವಾಗಲೋ ಗುಟ್ಟಾಗಿ ಎರಡು ಸ್ಥಳ ತುರುಕಿದ್ದೆ. ಒಂದನ್ನು ಹೊಡೆದು ಹಾಕಿದಳು. ಪ್ರತಿಭಟಿಸಿದೆ, ಪ್ರಯೋಜನವಾಗಲಿಲ್ಲ.

ಆಮೇಲೆ ಪೆನ್ಸಿಲು ಕೆಳಗಿಟ್ಟು, ಪಟ್ಟಿಯನ್ನು ನೋಡುತ್ತಲೇ, ಬೇರೆ ದನಿಯಲ್ಲಿ ಹೇಳಿದಳು. “ಅಲ್ಲೆಲ್ಲೋ ಬಿದ್ರೆ ಏನ್ಮಾಡ್ತೀರಿ ಅತ್ತೆ? ನಾನು ಓಡಿ ಬರೋಕೆ ಎರಡು ದಿನ ಬೇಕು. ಅಪ್ಪ ಹೋದ್ಮೇಲೆ ನನಗಿರೋದು ನೀವೊಬ್ರು.”

ಇದು ಮೂರು ತಿಂಗಳಲ್ಲಿ ಅವಳು ಹೇಳಿದ ಮೊದಲ ನಿಜವಾದ ಕಾರಣ.

“ಎಲ್ಲಿ ಬಿದ್ದರೂ ಬೀಳುವುದು ನೆಲಕ್ಕೇ, ಮೆರಿನ್” ಎಂದೆ. “ವಾಲರೂದಲ್ಲಿ ಕುರ್ಚಿಯ ಮೇಲೆ ಕುಳಿತುಕೊಂಡೇ ಬಿದ್ದವರನ್ನು ನೋಡಿದ್ದೇನೆ. ನಾನು ನಡೆಯುತ್ತಾ ಬೀಳುವವಳು.”

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾಗದು. ಪಟ್ಟಿಯ ಕೆಳಗೆ ‘ಪಾಸು’ ಎಂದು ಬರೆದು, ಪಕ್ಕದಲ್ಲಿ ‘ಊರುಗೋಲಿನೊಂದಿಗೆ’ ಎಂದು ಸೇರಿಸಿದಳು. ಊರುಗೋಲಿನ ಬಗ್ಗೆ ನಲವತ್ತು ನಿಮಿಷ ವಾದ ನಡೆಯಿತು. ಡಾಟ್ ಮಧ್ಯೆ ಪ್ರವೇಶಿಸಿ, ಕೋಲಿದ್ದರೆ ರೋಮಿನಲ್ಲಿ ಜೇಬುಗಳ್ಳರಿಗೆ ಹೊಡೆಯಬಹುದೆಂದು ಸೂಚಿಸಿದ್ದರಿಂದ ಒಪ್ಪಿದೆ.

ಸೆಪ್ಟೆಂಬರ್ 3, ಬುಧವಾರ. ಅಡಿಲೇಡ್ ವಿಮಾನ ನಿಲ್ದಾಣ

ವಿಮಾನಕ್ಕೆ ಇನ್ನೂ ಒಂದು ಗಂಟೆಯಿದೆ. ಒಂದು ಘಟನೆಯನ್ನು ದಾಖಲಿಸಬೇಕಾಗಿದೆ.

ಮೆರಿನ್ ನನಗೆ ತಿಳಿಸದೆ ಗಾಲಿಕುರ್ಚಿಗೆ ಹೇಳಿಟ್ಟಿದ್ದಳು. ನಾವು ಕಾರಿನಿಂದ ಇಳಿಯುತ್ತಿದ್ದಂತೆ ಸಮವಸ್ತ್ರದ ಗೃಹಸ್ಥನೊಬ್ಬ ಅದನ್ನು ತಳ್ಳಿಕೊಂಡು ಬಂದ. ಮೀಸೆಯಲ್ಲಿ ಬಿಳಿಗೂದಲು ಕಾಣಿಸಿಕೊಂಡ ವಯಸ್ಸು. ಕೈಯಲ್ಲಿನ ಚೀಟಿ ನೋಡಿ, ನನ್ನ ಹೆಸರು ಹಿಡಿದು, ಹೆಸ್ಟರ್ ಪೆಂಗಿಲಿ ಯಾರೆಂದು ಕೇಳಿದ. ಮೆರಿನ್ ನನ್ನತ್ತ ನೋಡಲಿಲ್ಲ. ನಾನು ಕೋಲನ್ನು ನೆಲಕ್ಕೆ ಊರಿ, ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

“ನಾನೇ ಕಣಪ್ಪ” ಎಂದಳು ಡಾಟ್. ಎಂದವಳೇ ಕುರ್ಚಿಯಲ್ಲಿ ಕುಳಿತು, ಎರಡೂ ಕೈಚೀಲ ಮಡಿಲಿಗೆ ಹಾಕಿಕೊಂಡು, ಟೋಪಿ ಸರಿಮಾಡಿಕೊಂಡಳು.

ಮೆರಿನ್ ಬಾಯಿ ತೆರೆದು ನನ್ನ ಮುಖ ನೋಡಿದಳು. ಆ ಹೊತ್ತಿಗೆ ನನ್ನ ಕೋಟಿನ ಗುಂಡಿಯೊಂದನ್ನು ಹಾಕಿಕೊಳ್ಳುವ ಅಗತ್ಯ ಬಿದ್ದುದರಿಂದ ಮಾತನಾಡಲು ಬಿಡುವಿರಲಿಲ್ಲ.

ಉದ್ದನೆಯ ಆ ಹಜಾರದಲ್ಲಿ ಕುರ್ಚಿಗಿಂತ ಹತ್ತು ಹೆಜ್ಜೆ ಮುಂದೆ, ಕೋಲಿನ ಸದ್ದು ಮಾಡುತ್ತಾ, ನನ್ನ ಕಾಲಿನಲ್ಲಿ ನಾನೇ ನಡೆದೆ. ಎರಡು ಬಾರಿ ನಿಂತೆ. ಎರಡೂ ಬಾರಿ ಕುರ್ಚಿಯೂ ನಿಂತಿತು. ಹಿಂದಿನಿಂದ ಆ ಗೃಹಸ್ಥ ಬಹಳ ವಿನಯದಿಂದ “ಮಿಸ್ ಪೆಂಗಿಲಿ, ಕಾಲಿಗೆ ಆರಾಮಾಗಿದೆಯಾ?” ಎಂದು ಕೇಳುವುದು ಕೇಳಿಸಿತು. ಅದಕ್ಕೆ ಡಾಟ್, ಅಕ್ಷರ ಅಕ್ಷರವೂ ನನ್ನದೇ ದನಿಯಲ್ಲಿ, “ಬೆನ್ನು ನೆಟ್ಟಗಿಟ್ಟುಕೊಂಡು ತಳ್ಳತಕ್ಕದ್ದು” ಎಂದಳು.